ಡೂಮ್‌ನ ಗಿಟಾರ್ ಗರ್ಜನೆ: ಆ ಹೈ-ಗೇನ್ ಮೆಟಲ್ ಟೋನನ್ನು ಮನೆಯಲ್ಲೇ ಕಟ್ಟುವ ಬಗೆ

2016ರ ಡೂಮ್ ವಿಡಿಯೋ ಗೇಮ್ ಆಡಿದವರ ಕಿವಿಯಲ್ಲಿ ಆ ಗಿಟಾರ್ ಇನ್ನೂ ಕೂತಿರುತ್ತದೆ. ತಂತಿ ಮೀಟಿದ್ದೋ ಯಂತ್ರ ಗುಡುಗಿದ್ದೋ ಹೇಳಲಾಗದ ಸದ್ದು ಅದು. ಅದನ್ನು ಹಿಡಿಯಲು ಹೊರಟವರಲ್ಲಿ ಬಹುಪಾಲು ಜನ ಮೊದಲು ಆಂಪ್ಲಿಫೈಯರ್‌ನ, ಅಂದರೆ ಆಂಪ್‌ನ, ಸಿಗ್ನಲ್ ಹಿಗ್ಗಿಸುವ ಗೇನ್ ನಾಬನ್ನು ಹತ್ತಕ್ಕೆ ತಿರುಗಿಸುತ್ತಾರೆ. ಟೋನ್ ಕೈತಪ್ಪುವುದು ಅಲ್ಲೇ. ಗೇನ್ ಏರಿದಷ್ಟೂ ಪ್ರತಿ ಪೆಟ್ಟಿನ ಮೊನೆ ಮೊಂಡಾಗುತ್ತದೆ, ಪೆಟ್ಟುಗಳ ನಡುವಿನ ಮೌನ ಗುಂಯ್‌ಗುಟ್ಟುವ ಗದ್ದಲದಿಂದ ತುಂಬುತ್ತದೆ, ರಿಫ್, ಅಂದರೆ ಮರುಕಳಿಸುವ ಸ್ವರಗುಚ್ಛ, ಕಲಸುಮೇಲೋಗರವಾಗುತ್ತದೆ.

ಸಂಗೀತ ನಿರ್ದೇಶಕ ಮಿಕ್ ಗಾರ್ಡನ್ 2017ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನ ಉಪನ್ಯಾಸದಲ್ಲಿ ಈ ಸದ್ದಿನ ಒಳಮನೆಯನ್ನೇ ತೆರೆದು ತೋರಿಸಿದರು. ಆಟ ತಯಾರಿಸಿದವರು ಮೊದಲಿಗೆ ಮೆಟಲ್ ಗಿಟಾರೇ ಬೇಡ ಎಂದಿದ್ದರು. ಹಾಗಾಗಿ ಗಾರ್ಡನ್ ಶುದ್ಧ ಸೈನ್ ತರಂಗ (ಒಂದೇ ಆವರ್ತನದ ಸದ್ದು) ಮತ್ತು ವೈಟ್ ನಾಯ್ಸ್‌ನಿಂದ (ಎಲ್ಲ ಆವರ್ತನಗಳೂ ಬೆರೆತ ಸದ್ದು) ಆರಂಭಿಸಿ, ಅವನ್ನು ಹಲವು ಸಾಲು ಎಫೆಕ್ಟ್‌ಗಳ ಮೂಲಕ ಹಾಯಿಸಿ ಕೆಡಿಸಿದರು. ಗಿಟಾರ್ ಬಂದದ್ದು ಆಮೇಲೆ: ಏಳು ತಂತಿಯದು, ಎಂಟು ತಂತಿಯದು, ಕೊನೆಗೆ ಒಂಬತ್ತು ತಂತಿಯದು. ಅಂದರೆ ನಾವು ‘ಗಿಟಾರ್’ ಎಂದು ಕೇಳಿಸಿಕೊಳ್ಳುವುದರಲ್ಲಿ ಗಿಟಾರ್ ಒಂದು ಭಾಗ ಮಾತ್ರ. ಕೆಳಗಿನ ವಿಧಾನ ನಿಂತಿರುವುದು ಇದರ ಮೇಲೆಯೇ. ಗಿಟಾರಿಗೆ ಹಿಡಿತದ ಗೇನ್ ಇರಲಿ, ಭಾರವನ್ನು ಅದರ ಕೆಳಗಿನ ಪದರಗಳು ಹೊರಲಿ. ಇದು ಗಾರ್ಡನ್ ಅವರ ಎಫೆಕ್ಟ್ ಸರಪಳಿಯ ತದ್ರೂಪಲ್ಲ, ಸಾಧಾರಣ ಸಲಕರಣೆಯಲ್ಲೇ ಆ ಜಾತಿಯ ಸದ್ದು ಕಟ್ಟುವ ದಾರಿ.

ಬೇಕಾಗುವ ಸಾಮಾನು

ಬ್ರಿಜ್ ಬದಿಯಲ್ಲಿ ಹಂಬಕರ್ ಪಿಕಪ್ ಇರುವ ಒಂದು ಗಿಟಾರ್, ಇನ್‌ಸ್ಟ್ರುಮೆಂಟ್ ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್, ಕಂಪ್ಯೂಟರ್, ರೀಪರ್‌ನಂಥ ಒಂದು ರೆಕಾರ್ಡಿಂಗ್ ತಂತ್ರಾಂಶ, ಹೆಡ್‌ಫೋನ್. ಆಂಪ್‌ಗೆ ಉಚಿತ ಪ್ಲಗಿನ್‌ಗಳೇ ಧಾರಾಳ ಸಾಕು. ನ್ಯೂರಲ್ ಆಂಪ್ ಮಾಡೆಲರ್‌ನಲ್ಲಿ 5150 ಎಂಬ ಹೈ-ಗೇನ್ ಆಂಪ್ ಮಾದರಿಯ ಯಾವುದಾದರೂ ಕ್ಯಾಪ್ಚರ್ (ಆಂಪ್‌ನ ಸದ್ದಿನ ಡಿಜಿಟಲ್ ಪ್ರತಿ), ಇಲ್ಲವೇ ಇಗ್ನೈಟ್ ಆಂಪ್ಸ್‌ನ ಎಮಿಸರಿ ಹಾಕಿಕೊಳ್ಳಿ. ಬೂಸ್ಟ್‌ಗೆ ಟಿಎಸ್‌ಇ 808, ಕ್ಯಾಬಿನೆಟ್ ಐಆರ್ (ಸ್ಪೀಕರ್ ಪೆಟ್ಟಿಗೆಯ ಸದ್ದಿನ ಗುಣವನ್ನು ಮೈಕ್‌ನಲ್ಲಿ ಹಿಡಿದಿಟ್ಟ ಕಡತ) ಲೋಡ್ ಮಾಡಲು ನಾಡ್‌ಐಆರ್. ಇವುಗಳ ಜೊತೆಗೆ ಸೈನ್ ತರಂಗ ಕೊಡುವ ಯಾವುದೇ ಸಿಂಥ್ ಇರಲಿ.

ಇಂಟರ್‌ಫೇಸ್‌ನಲ್ಲಿ ‘ಇನ್‌ಸ್ಟ್’ ಅಥವಾ ‘ಹೈ-ಝಡ್’ ಗುಂಡಿ ಒತ್ತಿದೆಯೇ ನೋಡಿ. ಗಿಟಾರ್ ಪಿಕಪ್‌ಗೆ ಸುಮಾರು 1 ಮೆಗಾಓಮ್‌ನಷ್ಟು ಇನ್‌ಪುಟ್ ತಡೆ ಬೇಕು. ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಮೇಲಿನ ಹೊಳಪೆಲ್ಲ ಸೋರಿಹೋಗಿ ಟೋನ್ ಮಂಕಾಗುತ್ತದೆ, ಆಮೇಲೆ ಎಷ್ಟು ಟ್ರೆಬಲ್ ಏರಿಸಿದರೂ ಅದು ಹಿಂದಿರುಗದು. ಅತಿ ಜೋರಾಗಿ ಬಾರಿಸಿದ ಪೆಟ್ಟಿನ ತುದಿ ಮೀಟರ್‌ನಲ್ಲಿ -12 ಡಿಬಿ ಆಸುಪಾಸು ಮುಟ್ಟಲಿ. ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್, ಬಫರ್ 64 ಅಥವಾ 128 ಸ್ಯಾಂಪಲ್. ಬಫರ್ 128 ಇದ್ದರೆ ಒಂದು ಬದಿಗೆ 2.7 ಮಿಲಿಸೆಕೆಂಡ್ ತಡ, ಅದನ್ನು ಕೈ ಸಹಿಸುತ್ತದೆ. 512ಕ್ಕೆ ಹೋದರೆ ಬಿಗಿಯಾಗಿ ನುಡಿಸುವುದು ಕಷ್ಟ.

ತಂತಿ ಮತ್ತು ಶ್ರುತಿ

ಒಂಬತ್ತು ತಂತಿ ಗಿಟಾರ್ ಇಲ್ಲವೆಂದು ಕೈಬಿಡಬೇಕಿಲ್ಲ. ಆರು ತಂತಿಯದನ್ನೇ ಡ್ರಾಪ್ ಎ ಶ್ರುತಿಗೆ ಇಳಿಸಬಹುದು. ದಪ್ಪ ತಂತಿಯಿಂದ ಮೇಲಕ್ಕೆ ಎ, ಇ, ಎ, ಡಿ, ಎಫ್ ಶಾರ್ಪ್, ಬಿ. ಆದರೆ ಇರುವ ತಂತಿಯನ್ನೇ ಸಡಿಲಿಸಿದರೆ ಸಾಲದು. ಏಕೆಂದರೆ ಬಿಗಿತ ಆವರ್ತನದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಮಾಮೂಲಿ ಇ ತಂತಿಯ ಆವರ್ತನ 82.4 ಹರ್ಟ್ಸ್, ಅದನ್ನು 55 ಹರ್ಟ್ಸ್‌ನ ಎ ಸ್ವರಕ್ಕೆ ಇಳಿಸಿದರೆ ಬಿಗಿತ ಶೇಕಡಾ 45ಕ್ಕೆ ಕುಸಿಯುತ್ತದೆ. ಜೋಲು ಬಿದ್ದ ತಂತಿ ಫ್ರೆಟ್‌ಗೆ ಬಡಿದು ಗಲಗಲ ಎನ್ನುತ್ತದೆ, ಮೀಟಿದ ಕ್ಷಣ ಸ್ವರ ಮೇಲಕ್ಕೆ ಹಾರಿ ಆಮೇಲೆ ಕೆಳಗಿಳಿಯುತ್ತದೆ. ಹೈ-ಗೇನ್‌ನಲ್ಲಿ ಆ ಜಾರು ಬೇಸುರಾಗಿ ಎದ್ದು ಕೇಳುತ್ತದೆ.

ಸರಿಯಾದ ದಪ್ಪ ತಿಳಿಯಲು ಸಣ್ಣ ಲೆಕ್ಕವಿದೆ. ಹಳೆಯ ಆವರ್ತನವನ್ನು ಹೊಸದರಿಂದ ಭಾಗಿಸಿ, ಬಂದ ಸಂಖ್ಯೆಯಿಂದ ಹಳೆಯ ತಂತಿಯ ದಪ್ಪವನ್ನು ಗುಣಿಸಿ. 82.4 ಭಾಗಿಸು 55 ಅಂದರೆ 1.5, 0.046 ಇಂಚಿನ ತಂತಿಗೆ ಬದಲು 0.069 ಬೇಕು. ಅಂಗಡಿಯಲ್ಲಿ 0.068 ಅಥವಾ 0.070 ಸಿಗುತ್ತದೆ, ಎರಡೂ ಸರಿ. ಉದ್ದ ಸ್ಕೇಲ್‌ನ ಗಿಟಾರ್ ಇದ್ದರೆ ಆ ಅನುಕೂಲವನ್ನೂ ಲೆಕ್ಕಕ್ಕೆ ತಂದು ದಪ್ಪ ತಗ್ಗಿಸಿ: 25.5 ಇಂಚಿನಿಂದ 27ಕ್ಕೆ ಹೋದರೆ ಅದೇ ತಂತಿಗೆ ಶೇಕಡಾ 12ರಷ್ಟು ಹೆಚ್ಚು ಬಿಗಿತ ಸಿಗುತ್ತದೆ. ಇದೇ ಲೆಕ್ಕದಲ್ಲಿ 27 ಇಂಚಿನ ಎಂಟು ತಂತಿ ಗಿಟಾರಿನ ಎಫ್ ಶಾರ್ಪ್‌ಗೆ, ಅಂದರೆ 46.25 ಹರ್ಟ್ಸ್‌ಗೆ, 0.074ರಿಂದ 0.080, 30 ಇಂಚಿನ ಒಂಬತ್ತು ತಂತಿಯ ಸಿ ಶಾರ್ಪ್‌ಗೆ, ಅಂದರೆ 34.65 ಹರ್ಟ್ಸ್‌ಗೆ, 0.090ರ ಮೇಲೆ.

ದಪ್ಪ ತಂತಿ ಹಾಕಿದ ಮೇಲೆ ಮೂರು ಕಡೆ ತೊಂದರೆ ಕಾಣುತ್ತದೆ. ನಟ್‌ನ ಕೊರಕಲಿನಲ್ಲಿ ತಂತಿ ಕೂರದೆ ಮೇಲೇ ನಿಲ್ಲಬಹುದು. ಅಳತೆಯ ಅರದಿಂದ ಅಗಲಿಸಬೇಕು, ಆಳ ಮಾಡಬಾರದು. ಟ್ಯೂನರ್‌ನ ತೂತಿಗೆ ತಂತಿ ಹೋಗದಿದ್ದರೆ ಹೊರಸುತ್ತನ್ನು ತುದಿಯಲ್ಲಿ ಬಿಚ್ಚಿ ಒಳಗಿನ ಎಳೆಯನ್ನು ಮಾತ್ರ ತೂರಿಸಿ, ಆದರೆ ತಂತಿಯನ್ನು ಮೊದಲು ಚೂಪಾಗಿ ಬಗ್ಗಿಸಿ ಆಮೇಲೆ ಕತ್ತರಿಸಿ, ಇಲ್ಲದಿದ್ದರೆ ಸುತ್ತು ಉದ್ದಕ್ಕೂ ಸಡಿಲವಾಗುತ್ತದೆ. ಮೂರನೆಯದು ಇಂಟೋನೇಷನ್, ಅಂದರೆ ಪ್ರತಿ ಫ್ರೆಟ್‌ನಲ್ಲೂ ಸ್ವರ ಸರಿಯಿರುವುದು. ಬ್ರಿಜ್ ಸ್ಯಾಡಲ್ ಹಿಂದೆ ಸರಿಯಲು ಜಾಗ ಮುಗಿದರೆ, 12ನೇ ಫ್ರೆಟ್ ಬಿಟ್ಟು ರಿಫ್‌ನಲ್ಲಿ ನಿಜವಾಗಿ ಬಳಸುವ 1ರಿಂದ 5ನೇ ಫ್ರೆಟ್‌ಗಳಲ್ಲಿ ಸ್ವರ ಸರಿಯಿರುವಂತೆ ಹೊಂದಿಸಿ. ಆಟದ ರಿಫ್‌ಗಳ ಪ್ರಾಣ ಇರುವುದೇ ಅಲ್ಲಿ.

ಶ್ರುತಿ ಮಾಡುವಾಗ ಮೆಲ್ಲನೆ ಮೀಟಬೇಡಿ. ರೆಕಾರ್ಡಿಂಗ್‌ನಲ್ಲಿ ಎಷ್ಟು ಜೋರಾಗಿ ಬಾರಿಸುತ್ತೀರೋ ಅಷ್ಟೇ ಜೋರಾಗಿ ಬಾರಿಸಿ, ಪೆಟ್ಟಿನ ಮೊದಲ ಕ್ಷಣದ ಸ್ವರಕ್ಕೆ ಟ್ಯೂನರ್ ಮುಳ್ಳನ್ನು ನಿಲ್ಲಿಸಿ. ತಂತಿ ಸುಮ್ಮನಿದ್ದಾಗ ಕೆಲವು ಸೆಂಟ್ ಕೆಳಗೆ ತೋರಿಸಿದರೆ ತೋರಿಸಲಿ. ಮುಂದೆ ಸೈನ್ ತರಂಗವನ್ನು ಇದೇ ಸ್ವರದ ಅಡಿಗೆ ಕೂರಿಸಲಿಕ್ಕಿದೆ. ಸೈನ್ ಚೂರೂ ಅಲುಗುವುದಿಲ್ಲ, ಗಿಟಾರ್ ತಪ್ಪಿದರೆ ತೊದಲು ತಕ್ಷಣ ಬಯಲಾಗುತ್ತದೆ.

ಒಂದೇ ಒಂದು ಚಗ್

ಇಡೀ ಟೋನಿನ ಅಡಿಪಾಯ ಪಾಮ್ ಮ್ಯೂಟ್ ಮಾಡಿದ, ಅಂದರೆ ಅಂಗೈಯ ಅಂಚನ್ನು ತಂತಿಗೆ ತಾಗಿಸಿ ಮೀಟಿದ ಒಂದು ಪೆಟ್ಟು. ಚಗ್ ಎನ್ನುವುದು ಇದನ್ನೇ. ಆಂಪ್ ಪ್ಲಗಿನ್ ಆಫ್ ಮಾಡಿ, ಕೇವಲ ಡಿಐ, ಅಂದರೆ ಗಿಟಾರಿನ ಕಚ್ಚಾ ಸಿಗ್ನಲ್ ರೆಕಾರ್ಡ್ ಮಾಡಿ. ಪರದೆಯಲ್ಲಿ ಒಂದು ಪೆಟ್ಟನ್ನು ಹಿಗ್ಗಿಸಿ ನೋಡಿ. ಒಳ್ಳೆಯ ಚಗ್‌ನಲ್ಲಿ ಮೊದಲು ಪಿಕ್ ತಂತಿಯನ್ನು ಬಿಟ್ಟ ಕ್ಷಣದ ಸೂಜಿಯಂಥ ಶಿಖರ ಕಾಣುತ್ತದೆ. ಬೆನ್ನಿಗೇ 18 ಮಿಲಿಸೆಕೆಂಡಿಗೊಂದರಂತೆ ದೊಡ್ಡ ಅಲೆಗಳು: 55 ಹರ್ಟ್ಸ್‌ನ ಒಂದು ಸುತ್ತಿಗೆ ಹಿಡಿಯುವ ಕಾಲ ಅದೇ. ಐದಾರು ಅಲೆಗಳಲ್ಲಿ ಅವು ಇಳಿದು ಸಮತಟ್ಟಾಗಬೇಕು. ಸೂಜಿ ಕಾಣದಿದ್ದರೆ ಪಿಕ್ ತೆಳುವಾಗಿದೆ ಅಥವಾ ನೆಕ್ ಕಡೆ ಮೀಟುತ್ತಿದ್ದೀರಿ. ಅಲೆ ತಗ್ಗದೆ ಮುಂದುವರಿದರೆ ಅಂಗೈ ಬ್ರಿಜ್‌ನಿಂದ ಹಿಂದೆ ಸರಿದಿದೆ. ಸೂಜಿ ಇದ್ದು ಅಲೆಯೇ ಇಲ್ಲದಿದ್ದರೆ ಅಂಗೈ ತೀರಾ ಮುಂದೆ ಬಂದು ತಂತಿಯನ್ನು ಉಸಿರುಗಟ್ಟಿಸಿದೆ.

ಅಂಗೈಯ ಅಂಚು ಬ್ರಿಜ್ ಸ್ಯಾಡಲ್‌ಗಿಂತ ಅರ್ಧ ಸೆಂಟಿಮೀಟರ್‌ನಷ್ಟು ಮುಂದೆ ಇರಲಿ. ಪಿಕ್ 1.14 ಮಿಲಿಮೀಟರ್‌ಗೆ ಕಡಿಮೆ ಬೇಡ, 1.5ರಿಂದ 2 ಇದ್ದರೆ ಉತ್ತಮ. ಎಲ್ಲವನ್ನೂ ಕೆಳಮುಖವಾಗಿ ಮೀಟಿ. ಮೇಲ್ಮುಖ ಪೆಟ್ಟಿಗೆ ಆ ಭಾರ ಬರದು. ಮೀಟದ ತಂತಿಗಳನ್ನು ಎಡಗೈ ಬೆರಳುಗಳ ಅಡಿಯಿಂದ ಮುಚ್ಚಿ. ನಟ್ ಹತ್ತಿರ ಬಟ್ಟೆಯ ಪಟ್ಟಿ ಕಟ್ಟಿ. ಟ್ರೆಮೊಲೊ ಸ್ಪ್ರಿಂಗ್ ಇರುವ ಗಿಟಾರಾದರೆ ಹಿಂದಿನ ಗುಂಡಿಯಲ್ಲಿ ಸ್ಪಾಂಜ್ ತುರುಕಿ. ಇಂಥ ಸಣ್ಣ ಝೇಂಕಾರಗಳು ಡಿಐನಲ್ಲಿ ಕೇಳಿಸುವುದೇ ಇಲ್ಲ, ಹೈ-ಗೇನ್ ಅವುಗಳನ್ನು ನೂರ್ಮಡಿ ದೊಡ್ಡದು ಮಾಡಿ ತೋರಿಸುತ್ತದೆ.

ಕಾರ್ಡ್‌ಗಳ ಬಗ್ಗೆಯೂ ಒಂದು ಮಾತು. ಷಡ್ಜ-ಪಂಚಮ ಮಾತ್ರ, ಅಂದರೆ ಪವರ್ ಕಾರ್ಡ್. ಗಾಂಧಾರ ಸೇರಿಸಿದರೆ ಡಿಸ್ಟಾರ್ಷನ್ ಎರಡು ಸ್ವರಗಳ ಮೊತ್ತ-ವ್ಯತ್ಯಾಸದ ಹೊಸ ಆವರ್ತನಗಳನ್ನು ಹುಟ್ಟಿಸುತ್ತದೆ, ಅವು ಮೂಲಸ್ವರದೊಂದಿಗೆ ಹೊಂದುವುದಿಲ್ಲ. 55 ಮತ್ತು 82.5ರ ವ್ಯತ್ಯಾಸ 27.5, ಸರಿಯಾಗಿ ಒಂದು ಸ್ಥಾಯಿ ಕೆಳಗಿನ ಎ. ಹಾಗಾಗಿಯೇ ಪಂಚಮ ಗೇನ್‌ನಲ್ಲಿ ಕೊಬ್ಬುತ್ತದೆ, ಗಾಂಧಾರ ರಾಡಿಯಾಗುತ್ತದೆ. ಆದರೆ ಇಷ್ಟು ತಗ್ಗಿನ ಶ್ರುತಿಯಲ್ಲಿ ಪಂಚಮವೂ ಕೆಲವೊಮ್ಮೆ ಭಾರವೇ. ಅತಿ ದಪ್ಪ ತಂತಿಯಲ್ಲಿ ಒಂಟಿ ಸ್ವರಗಳನ್ನೇ ನುಡಿಸಿ.

ಬೂಸ್ಟ್, ಆಂಪ್, ಕ್ಯಾಬಿನೆಟ್

ಆಂಪ್‌ನ ಮುಂದೆ ಟ್ಯೂಬ್ ಸ್ಕ್ರೀಮರ್ ಬಗೆಯ ಓವರ್‌ಡ್ರೈವ್ ಇಡಿ. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ನಡುವೆ. ಡ್ರೈವ್ ಸೊನ್ನೆಯಾದರೆ ಪೆಡಲ್ ಏಕೆ ಬೇಕು ಎಂದು ಕೇಳುವವರಿದ್ದಾರೆ. ಉತ್ತರ ಅದರ ಸರ್ಕ್ಯೂಟ್‌ನಲ್ಲಿದೆ. ಮೊದಲ ಹಂತದಲ್ಲಿ 4.7 ಕಿಲೋಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿ 720 ಹರ್ಟ್ಸ್‌ನಲ್ಲಿ ಗೆರೆ ಎಳೆಯುತ್ತವೆ. ಡ್ರೈವ್ ಸೊನ್ನೆ ಇದ್ದಾಗಲೂ ಗೆರೆಯ ಮೇಲಿನ ಭಾಗ ಸುಮಾರು 12 ಪಟ್ಟು ಹಿಗ್ಗುತ್ತದೆ, 55 ಹರ್ಟ್ಸ್ ಹಿಗ್ಗುವುದು 1.3 ಪಟ್ಟು ಮಾತ್ರ. ಆಂಪ್ ಒಳಗೆ ಹೋಗುವ ಮುನ್ನವೇ ತಗ್ಗಿನ ಕೊಬ್ಬು ಕರಗಿ ಪಿಕ್‌ನ ಮೊನೆ ಮುಂದಾಗುತ್ತದೆ. ತಗ್ಗು ಸ್ವರ ಡಿಸ್ಟಾರ್ಷನ್‌ಗೆ ಮೊದಲು ಕಡಿಮೆಯಾಗಬೇಕು, ಡಿಸ್ಟಾರ್ಷನ್ ಆದ ಮೇಲೆ ಬೇಕಾದಷ್ಟು ಸೇರಿಸಬಹುದು. ಈ ಕ್ರಮ ತಿರುಗುಮುರುಗಾದರೆ ಏನು ಮಾಡಿದರೂ ಬಿಗಿ ಬರುವುದಿಲ್ಲ. ಎಂಟು-ಒಂಬತ್ತು ತಂತಿಗೆ ಇದೂ ಸಾಲದು. ಬೂಸ್ಟ್‌ಗೂ ಮುಂಚೆ ಒಂದು ಇಕ್ಯೂ (ಬೇರೆಬೇರೆ ಆವರ್ತನಗಳನ್ನು ಏರಿಳಿಸುವ ಸಾಧನ) ಇಟ್ಟು 100ರಿಂದ 120 ಹರ್ಟ್ಸ್ ಕೆಳಗಿನದನ್ನು ತಡೆಯುವ ಹೈ-ಪಾಸ್ ಹಾಕಿ.

ಆಂಪ್‌ಗೆ 5150 ಮಾದರಿಯ ಲೀಡ್ ಚಾನೆಲ್‌ನಲ್ಲಿ ಆರಂಭದ ಸ್ಥಾನಗಳು ಹೀಗಿರಲಿ: ಗೇನ್ 4, ಲೋ 5, ಮಿಡ್ 4.5, ಹೈ 6, ರೆಸೊನೆನ್ಸ್ 6, ಪ್ರೆಸೆನ್ಸ್ 5.5. ಗೇನ್ ಎಷ್ಟು ಬೇಕೆಂದು ತೀರ್ಮಾನಿಸಲು ಒಳ್ಳೆಯ ಪರೀಕ್ಷೆಯಿದೆ. ಒಂದೇ ಚಗ್ ಅನ್ನು ಮೆಲ್ಲಗೆ ಮತ್ತು ಜೋರಾಗಿ ಬಾರಿಸಿ. ಎರಡಕ್ಕೂ ವ್ಯತ್ಯಾಸ ಕೇಳಿಸದಿದ್ದರೆ ಗೇನ್ ಹೆಚ್ಚಾಗಿದೆ, ಕೇಳಿಸುವ ತನಕ ಇಳಿಸಿ. ಆ ಗಿಟಾರ್ ಒಂದನ್ನೇ ಕೇಳುವಾಗ ಅದು ಬರಡು ಅನಿಸುತ್ತದೆ. ಎಡ-ಬಲ ಎರಡು ಟ್ರ್ಯಾಕ್, ಕೆಳಗೆ ಮೂರು ಪದರ ಸೇರಿದ ಮೇಲೆ ಅದೇ ಸರಿಯಾದ ಅಳತೆ. ಮಿಡ್ ಸೊನ್ನೆ ಮಾಡುವ ಆಸೆಯನ್ನೂ ತಡೆಯಿರಿ. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿ ತಗ್ಗು ಮತ್ತು ಎತ್ತರದ ಸ್ವರಗಳನ್ನು ಮಧ್ಯದ್ದಕ್ಕಿಂತ ಕಡಿಮೆ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಮಿಡ್ ತೆಗೆದ ಟೋನ್ ರಾತ್ರಿ ಮೆಲುದನಿಯಲ್ಲಿ ಚೆಂದ, ಡ್ರಮ್ ಸೇರಿದೊಡನೆ ಮಾಯ.

ಕ್ಯಾಬಿನೆಟ್‌ಗೆ ನಾಲ್ಕು ಹನ್ನೆರಡಿಂಚಿನ ಸ್ಪೀಕರ್‌ಗಳ, ಸೆಲೆಶನ್ ವಿಂಟೇಜ್ 30 ಇರುವ, ಎಸ್‌ಎಂ57 ಮೈಕ್‌ನಲ್ಲಿ ಹಿಡಿದ ಐಆರ್ ಆರಿಸಿ. ಟೋನಿನ ಅರ್ಧ ಸ್ವಭಾವ ಇಲ್ಲೇ ತೀರ್ಮಾನವಾಗುತ್ತದೆ. ಆಂಪ್ ನಾಬ್‌ಗಳೊಂದಿಗೆ ಒಂದು ಗಂಟೆ ಗುದ್ದಾಡುವ ಬದಲು ಹತ್ತು ಐಆರ್ ಬದಲಿಸಿ ಕೇಳುವುದು ಮೇಲು. ಸ್ಪೀಕರ್‌ನ ನಡುಬೊಟ್ಟಿಗೆ ನೇರ ಮೈಕ್ ಇಟ್ಟದ್ದು ಚುಚ್ಚುತ್ತದೆ, ಅಂಚಿನತ್ತ ಸರಿದಷ್ಟೂ ಮೃದುವಾಗುತ್ತದೆ. ನಡುಬೊಟ್ಟಿನ ಅಂಚಿನದನ್ನು ಮೊದಲು ಹಾಕಿ ನೋಡಿ. ಇಲ್ಲಿ ಎರಡು ತಪ್ಪು ಪದೇಪದೇ ಆಗುತ್ತವೆ. ಆಂಪ್ ಪ್ಲಗಿನ್‌ನ ಸ್ವಂತ ಕ್ಯಾಬ್ ಆನ್ ಇರುವಾಗಲೇ ಇನ್ನೊಂದು ಐಆರ್ ಹಾಕಿದರೆ ಕಂಬಳಿ ಹೊದ್ದ ಸದ್ದು ಬರುತ್ತದೆ. ಎರಡೂ ಆಫ್ ಆಗಿದ್ದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ಎರಡು ಐಆರ್ ಬೆರೆಸುವುದಾದರೆ ಆರಂಭಬಿಂದು ಒಂದೇ ಕಡೆ ಇರಬೇಕು. ಒಂದು ಮಿಲಿಸೆಕೆಂಡ್ ಹಿಂದುಮುಂದಾದರೂ 500 ಹರ್ಟ್ಸ್‌ನಲ್ಲಿ ಹೊಂಡ ಬಿದ್ದು ಗಿಟಾರ್ ಟೊಳ್ಳಾಗುತ್ತದೆ.

ಆಮೇಲಿನ ಇಕ್ಯೂ ಚುಟುಕಾಗಿ: 70 ಹರ್ಟ್ಸ್ ಕೆಳಗೆ ಹೈ-ಪಾಸ್, 9 ಕಿಲೋಹರ್ಟ್ಸ್ ಮೇಲೆ ಲೋ-ಪಾಸ್. 3.5ರಿಂದ 4.5 ಕಿಲೋಹರ್ಟ್ಸ್ ನಡುವೆ ಒಂದು ಸೀಟಿ ಇದ್ದೇ ಇರುತ್ತದೆ. ಕಿರಿದಾದ ಬ್ಯಾಂಡನ್ನು ಏರಿಸಿ ಗುಡಿಸುತ್ತ ಹೋಗಿ ಹುಡುಕಿ, ಸಿಕ್ಕ ಜಾಗದಲ್ಲಿ 3ರಿಂದ 5 ಡಿಬಿ ತಗ್ಗಿಸಿ. ಚಗ್ ಮಾಡಿದಾಗ ಮಾತ್ರ ಉಬ್ಬುವ 120ರಿಂದ 250 ಹರ್ಟ್ಸ್‌ಗೆ ಸ್ಥಿರ ಇಕ್ಯೂ ಬೇಡ, ಮಲ್ಟಿಬ್ಯಾಂಡ್ ಕಂಪ್ರೆಸರ್‌ನಲ್ಲಿ 3-4 ಡಿಬಿ ಅದುಮಿದರೆ ಸಾಕು. ಸ್ಥಿರವಾಗಿ ಕತ್ತರಿಸಿದರೆ ಬಿಚ್ಚಿ ನುಡಿಸಿದ ಸ್ವರಗಳು ಸೊರಗುತ್ತವೆ.

ಮೌನವನ್ನು ಕತ್ತರಿಸುವ ಗೇಟ್

ಡೂಮ್ ರಿಫ್‌ನಲ್ಲಿ ಪೆಟ್ಟಿನಷ್ಟೇ ಮುಖ್ಯವಾದದ್ದು ಪೆಟ್ಟಿನ ನಂತರದ ಕಡುಮೌನ. ಕತ್ತಿಯಿಂದ ಕಡಿದ ಹಾಗೆ ಸದ್ದು ನಿಲ್ಲುವುದರಿಂದಲೇ ಮುಂದಿನ ಪೆಟ್ಟು ಎದೆಗೆ ಗುದ್ದುತ್ತದೆ. ಇದನ್ನು ಕೊಡುವುದು ನಾಯ್ಸ್ ಗೇಟ್, ಅಂದರೆ ಗೊತ್ತುಮಾಡಿದ ಮಟ್ಟಕ್ಕಿಂತ (ಥ್ರೆಶೋಲ್ಡ್) ಸದ್ದು ಇಳಿದೊಡನೆ ಅದನ್ನು ಮುಚ್ಚುವ ಸಾಧನ. ಅದನ್ನು ಗಿಟಾರ್ ಮತ್ತು ಆಂಪ್ ನಡುವೆ ಮಾತ್ರ ಇಟ್ಟರೆ ಆಂಪ್‌ನ ಹಿಸ್ ಉಳಿಯುತ್ತದೆ. ಆಂಪ್ ಆದ ಮೇಲೆ ಮಾತ್ರ ಇಟ್ಟರೆ, ಡಿಸ್ಟಾರ್ಷನ್‌ನಲ್ಲಿ ಸಣ್ಣದೂ ದೊಡ್ಡದೂ ಒಂದೇ ಮಟ್ಟಕ್ಕೆ ಬಂದಿರುವ ಕಾರಣ ಯಾವಾಗ ಮುಚ್ಚಬೇಕೆಂದು ಗೇಟ್‌ಗೇ ತಿಳಿಯುವುದಿಲ್ಲ. ಗೇಟ್ ಆಂಪ್ ಆದ ಮೇಲೆ ಇರಲಿ, ಆದರೆ ಅದು ಕಿವಿಗೊಡುವುದು ಡಿಐ ಟ್ರ್ಯಾಕ್‌ಗೆ ಆಗಲಿ. ತಂತ್ರಾಂಶದಲ್ಲಿ ಇದನ್ನು ಸೈಡ್‌ಚೈನ್ ಅಥವಾ ಕೀ ಇನ್‌ಪುಟ್ ಎನ್ನುತ್ತಾರೆ. ಡಿಐನಲ್ಲಿ ಪೆಟ್ಟು ಮತ್ತು ಮೌನದ ಅಂತರ ದೊಡ್ಡದು, ಗೇಟ್ ತಪ್ಪುವುದಿಲ್ಲ.

ಥ್ರೆಶೋಲ್ಡ್ -40 ಡಿಬಿಯಿಂದ ಶುರುಮಾಡಿ. ಅಟ್ಯಾಕ್ 0.5 ಮಿಲಿಸೆಕೆಂಡ್, ಲುಕ್‌ಅಹೆಡ್ ಇದ್ದರೆ 1-2 ಮಿಲಿಸೆಕೆಂಡ್, ಇಲ್ಲದಿದ್ದರೆ ಪಿಕ್‌ನ ಸೂಜಿ ಅರ್ಧ ಕತ್ತರಿಸಿಹೋಗುತ್ತದೆ. ಹೋಲ್ಡ್ 20. ರಿಲೀಸ್ ಅನ್ನು ಹಾಡಿನ ವೇಗಕ್ಕೆ ಹೊಂದಿಸಿ: 60,000ವನ್ನು ಬಿಪಿಎಂನಿಂದ ಭಾಗಿಸಿ ಮತ್ತೆ 4ರಿಂದ ಭಾಗಿಸಿದರೆ ಹದಿನಾರನೇ ಭಾಗದ ಸ್ವರದ ಕಾಲ ಸಿಗುತ್ತದೆ. 120 ಬಿಪಿಎಂನಲ್ಲಿ ಅದು 125 ಮಿಲಿಸೆಕೆಂಡ್. ರಿಲೀಸ್ ಅದರ ಅರ್ಧಕ್ಕಿಂತ ಕಡಿಮೆ, 40ರಿಂದ 60 ಇರಲಿ. ತೀರಾ ಕಡಿಮೆಯೂ ಸಲ್ಲದು. 55 ಹರ್ಟ್ಸ್‌ನ ಒಂದು ಸುತ್ತಿಗೇ 18 ಮಿಲಿಸೆಕೆಂಡ್ ಬೇಕು, ರಿಲೀಸ್ ಅದಕ್ಕಿಂತ ಚಿಕ್ಕದಾದರೆ ಅಲೆ ನಡುವೆ ತುಂಡಾಗಿ ‘ಟಪ್’ ಎಂದು ಕೇಳುತ್ತದೆ.

ಎಡ-ಬಲದ ಗಿಟಾರ್‌ಗಳನ್ನು ಎರಡು ಸಲ ಬೇರೆಬೇರೆಯಾಗಿಯೇ ನುಡಿಸಿ ರೆಕಾರ್ಡ್ ಮಾಡಿ. ಒಂದನ್ನೇ ನಕಲಿಸಿ ಎರಡೂ ಬದಿಗೆ ಹಾಕಿದರೆ ಸಿಗುವುದು ನಡುವೆ ನಿಂತ, ಬರೀ ಜೋರಾದ ಒಂದೇ ಗಿಟಾರ್. ನಕಲನ್ನು 20 ಮಿಲಿಸೆಕೆಂಡ್ ಸರಿಸಿದರೆ ಅಗಲ ಬಂದಂತೆ ಅನಿಸುತ್ತದೆ, ಮೊನೋದಲ್ಲಿ ಕೇಳಿದಾಗ ಟೊಳ್ಳು. ಎರಡು ಟೇಕ್‌ಗಳಲ್ಲಿ ಬಿಗಿಯಾದದ್ದನ್ನು ಆಧಾರವಾಗಿ ಇಟ್ಟುಕೊಂಡು ಇನ್ನೊಂದರ ಪೆಟ್ಟುಗಳನ್ನು ಅದಕ್ಕೆ ಸರಿಹೊಂದಿಸಿ. ಆ ಆಧಾರದ ಡಿಐಗೆ ‘ಕೀ’ ಎಂದು ಹೆಸರಿಡಿ, ಮುಂದಿನ ಎಲ್ಲ ಪದರಗಳ ಜುಟ್ಟು ಅದರ ಕೈಯಲ್ಲಿ.

ಕೆಡಿಸಿದ ಸೈನ್ ತರಂಗ

ಇಲ್ಲಿಂದ ಗಿಟಾರ್ ಗಿಟಾರಿನಂತೆ ಕೇಳುವುದು ನಿಲ್ಲುತ್ತದೆ. ಮೊದಲು ಮಾಸ್ಟರ್‌ನಲ್ಲಿ -6 ಡಿಬಿಗೆ ಲಿಮಿಟರ್ ಹಾಕಿ, ಹೆಡ್‌ಫೋನ್ ಸದ್ದು ಇಳಿಸಿ. ಫೀಡ್‌ಬ್ಯಾಕ್ ಮತ್ತು ಫಝ್ (ಅತಿ ಒರಟು ಡಿಸ್ಟಾರ್ಷನ್) ಸೇರಿದಲ್ಲಿ ಸದ್ದು ಏಕಾಏಕಿ ಹತ್ತು ಪಟ್ಟು ಏರಬಲ್ಲದು. ಕಿವಿಗೆ ಆದ ಹಾನಿ ವಾಸಿಯಾಗುವುದಿಲ್ಲ.

ಸಿಂಥ್‌ನಲ್ಲಿ ಒಂದೇ ಸೈನ್ ಆಸಿಲೇಟರ್ ತೆರೆಯಿರಿ. ರಿಫ್‌ನ ಸ್ವರಗಳನ್ನು ಮಿಡಿಯಲ್ಲಿ (ಸಿಂಥ್‌ಗೆ ಯಾವ ಸ್ವರ ಯಾವಾಗ ಎಂದು ಹೇಳುವ ಸಂಕೇತ) ಬರೆಯಿರಿ, ಪ್ರತಿ ಸ್ವರದ ಆರಂಭ ಕೀ ಟ್ರ್ಯಾಕ್‌ನ ಸೂಜಿಗೆ ತಾಗುವಂತೆ. ಆಸಿಲೇಟರ್‌ನ ಫೇಸ್ ಪ್ರತಿ ಸ್ವರಕ್ಕೂ ಸೊನ್ನೆಯಿಂದ ಶುರುವಾಗುವಂತೆ ರೀಟ್ರಿಗರ್ ಆನ್ ಮಾಡಿ. ಇದನ್ನು ಮರೆತರೆ ಒಂದು ಪೆಟ್ಟು ಗುದ್ದಿ ಮುಂದಿನದು ಸಪ್ಪೆಯಾಗುತ್ತದೆ, ಕಾರಣ ಎಷ್ಟು ಹುಡುಕಿದರೂ ಸಿಗದೆ ತಲೆ ಕೆಡುತ್ತದೆ.

ಈ ಸೈನ್ ಅನ್ನು ನಾಲ್ಕು ಟ್ರ್ಯಾಕ್‌ಗಳಿಗೆ ಕಳಿಸಿ. ಒಂದರಲ್ಲಿ ಓವರ್‌ಡ್ರೈವ್, ಅದರ ಹಿಂದೆ ಫಝ್. ಶುದ್ಧ ಸೈನ್‌ನಲ್ಲಿ ಹಾರ್ಮೋನಿಕ್‌ಗಳೇ ಇಲ್ಲ. ಮೇಲೆ ಕೆಳಗೆ ಸಮನಾಗಿ ಕ್ಲಿಪ್ ಆದಾಗ 165, 275, 385 ಎಂದು ಬೆಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ, ಒಂದು ಬದಿ ಹೆಚ್ಚು ಕ್ಲಿಪ್ ಆದರೆ 110, 220 ಕೂಡ. ಏನನ್ನು ಹಾಕಿದರೆ ಏನು ಹುಟ್ಟುತ್ತದೆ ಎಂಬುದು ಸ್ಪೆಕ್ಟ್ರಮ್ ಅನಲೈಜರ್‌ನಲ್ಲಿ ಕಣ್ಣಿಗೇ ಕಾಣುತ್ತದೆ. ಒಮ್ಮೆ ತೆರೆದಿಟ್ಟು ನೋಡಿ, ಡಿಸ್ಟಾರ್ಷನ್ ಎಂದರೇನೆಂದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ತಿಳಿಯದು. ಎರಡನೆಯ ಟ್ರ್ಯಾಕ್‌ನಲ್ಲಿ ನಿಧಾನದ ಫೇಸರ್, ಬಿಟ್‌ಕ್ರಷರ್, ಆಮೇಲೆ ಡಿಸ್ಟಾರ್ಷನ್. ಫೇಸರ್ ಮುಂದಿರುವುದರಿಂದ ಪ್ರತಿ ಪೆಟ್ಟು ಕ್ಲಿಪ್ ಆಗುವ ಬಗೆ ಸ್ವಲ್ಪ ಬೇರೆಯಾಗಿ, ಸದ್ದು ಉಸಿರಾಡುತ್ತದೆ. ಸೈನ್ ಒಂದಕ್ಕೇ ಫೇಸರ್ ಹಾಕಿದರೆ ಏರಿಳಿತ ಬಿಟ್ಟು ಏನೂ ಕೇಳಿಸದು, ಆದ್ದರಿಂದ ಈ ಟ್ರ್ಯಾಕ್‌ಗೆ ಚಿಟಿಕೆಯಷ್ಟು ವೈಟ್ ನಾಯ್ಸ್ ಬೆರೆಸಿ. ಮೂರನೆಯದರಲ್ಲಿ ಮೊದಲು ಸ್ಪ್ರಿಂಗ್ ರಿವರ್ಬ್, ಆಮೇಲೆ ಡಿಸ್ಟಾರ್ಷನ್. ಸಾಮಾನ್ಯವಾಗಿ ಯಾರೂ ಈ ಕ್ರಮದಲ್ಲಿ ಇಡುವುದಿಲ್ಲ. ಇಲ್ಲಿ ರಿವರ್ಬ್‌ನ ಬಾಲವೇ ಹರಿದು ಲೋಹ ಉಜ್ಜಿದಂಥ ಗರಗರ ಕೊಡುತ್ತದೆ. ನಾಲ್ಕನೆಯದರಲ್ಲಿ ರಿಂಗ್ ಮಾಡ್ಯುಲೇಟರ್ ಮತ್ತು ಒಂದು ಲೋ-ಪಾಸ್ ಫಿಲ್ಟರ್. ಮಾಡ್ಯುಲೇಟರ್‌ನ ಆವರ್ತನ ರಿಫ್‌ನ ಮೂಲಸ್ವರದ ಗುಣಕವಾಗಿರಲಿ, 110 ಅಥವಾ 220. ಮನಸ್ಸಿಗೆ ಬಂದ ಸಂಖ್ಯೆ ಇಟ್ಟರೆ ಅಪಶ್ರುತಿ.

ನಾಲ್ಕನ್ನೂ ಒಂದು ಬಸ್‌ಗೆ, ಅಂದರೆ ಹಲವು ಟ್ರ್ಯಾಕ್‌ಗಳು ಸೇರುವ ಚಾನೆಲ್‌ಗೆ ತಂದು 8:1 ಅನುಪಾತದ ಕಂಪ್ರೆಸರ್‌ನಲ್ಲಿ 8ರಿಂದ 10 ಡಿಬಿ ಅದುಮಿ. ನಿಜವಾದ ಪೆಡಲ್‌ಗಳಿದ್ದರೆ ಇಂಟರ್‌ಫೇಸ್‌ನ ಲೈನ್ ಔಟ್‌ನಿಂದ ರೀಆಂಪ್ ಬಾಕ್ಸ್ ಮೂಲಕ ಅವುಗಳಿಗೇ ಕಳಿಸಿ ಮತ್ತೆ ರೆಕಾರ್ಡ್ ಮಾಡಿ, ಆ ಒರಟುತನ ಪ್ಲಗಿನ್‌ನಲ್ಲಿ ಅಷ್ಟು ಸುಲಭಕ್ಕೆ ಬಾರದು. ರೀಆಂಪ್ ಬಾಕ್ಸ್ ಇಲ್ಲದಿದ್ದರೆ ಲೈನ್ ಔಟ್ ಮಟ್ಟವನ್ನು ಚೆನ್ನಾಗಿ ಇಳಿಸಿ, ಇಲ್ಲವಾದರೆ ಪೆಡಲ್‌ನ ಮೊದಲ ಹಂತವೇ ಉಸಿರುಗಟ್ಟಿ ನಾಬ್ ತಿರುಗಿಸಿದರೂ ಬದಲಾವಣೆ ಕಾಣದು. ಮರಳಿ ಬಂದ ರೆಕಾರ್ಡಿಂಗ್ ಕೆಲವು ಮಿಲಿಸೆಕೆಂಡ್ ತಡವಾಗಿರುತ್ತದೆ, ಅದನ್ನು ಹಿಂದಕ್ಕೆ ಎಳೆದು ಕೀ ಸೂಜಿಗೆ ಹೊಂದಿಸಿ.

ಈ ಬಸ್‌ಗೆ 90 ಹರ್ಟ್ಸ್ ಕೆಳಗೆ ಹೈ-ಪಾಸ್ ಹಾಕಿ. ಅಡಿಯ 55 ಹರ್ಟ್ಸ್ ಅನ್ನು ಹೊರಲು ಏನೂ ಎಫೆಕ್ಟ್ ಇಲ್ಲದ ಅದೇ ಸೈನ್‌ನ ಇನ್ನೊಂದು ಪ್ರತಿ ಇರಲಿ. ಕೆಟ್ಟದ್ದರ ತಗ್ಗು ಮತ್ತು ಶುದ್ಧದ ತಗ್ಗು ಎರಡೂ ಇದ್ದರೆ ಒಂದನ್ನೊಂದು ಕೊಲ್ಲುತ್ತವೆ. ಶುದ್ಧ ಪ್ರತಿಯ ಪೊಲಾರಿಟಿಯನ್ನು ತಿರುವಿ ನೋಡಿ, ಯಾವ ಸ್ಥಿತಿಯಲ್ಲಿ ತಗ್ಗು ಹೆಚ್ಚು ತುಂಬಿ ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ.

ಇದರ ಜೊತೆಗೆ ಗಿಟಾರಿನದೇ ಒಂದು ಕೊಳಕು ಪದರ ಬೇಕು. ಕೀ ಡಿಐಯನ್ನು ಬಾಸ್ (Boss) ಕಂಪನಿಯ ಎಚ್‌ಎಂ-2 ಪೆಡಲ್ ಬಗೆಯ ಡಿಸ್ಟಾರ್ಷನ್‌ಗೆ ಕಳಿಸಿ, ನಾಲ್ಕೂ ನಾಬ್ ಪೂರ್ತಿ. ಸ್ವೀಡನ್‌ನ ಡೆತ್ ಮೆಟಲ್ ವಾದ್ಯಗೋಷ್ಠಿಗಳು ಗರಗಸದ ಸದ್ದೆಂದು ಹೆಸರಾದ ತಮ್ಮ ಟೋನನ್ನು ಕಡೆದದ್ದು ಈ ಪೆಡಲ್‌ನಲ್ಲೇ. ಅದನ್ನು ನಡುವೆ, ಮೊನೋದಲ್ಲಿ, ಮುಖ್ಯ ಗಿಟಾರಿಗಿಂತ 10-12 ಡಿಬಿ ಕೆಳಗೆ ಇಡಿ. ಪ್ರತ್ಯೇಕವಾಗಿ ಕೇಳಿಸಬಾರದು, ಮ್ಯೂಟ್ ಮಾಡಿದಾಗ ಏನೋ ಕಳೆದುಹೋಯಿತು ಅನಿಸಬೇಕು.

ಪದರಗಳನ್ನು ಒಂದೇ ಸದ್ದಾಗಿಸುವುದು

ಇಷ್ಟೂ ಪದರಗಳನ್ನು ಹಾಗೇ ಕೂಡಿಸಿದರೆ ಗಿಟಾರ್ ಒಂದು ಕಡೆ, ಸಿಂಥ್ ಒಂದು ಕಡೆ. ಅವುಗಳನ್ನು ಬೆಸೆಯುವುದು ಎರಡೇ ಕೆಲಸ. ಮೊದಲನೆಯದು, ಪ್ರತಿ ಪದರದ ಕೊನೆಯಲ್ಲಿ ಗೇಟ್ ಹಾಕಿ ಎಲ್ಲಕ್ಕೂ ಆ ಒಂದೇ ಕೀ ಟ್ರ್ಯಾಕನ್ನು ಕೊಡಿ. ಎಲ್ಲವೂ ಒಂದೇ ಕ್ಷಣಕ್ಕೆ ಬಾಯಿ ತೆರೆದು ಒಂದೇ ಕ್ಷಣಕ್ಕೆ ಮುಚ್ಚಿದಾಗ ಕಿವಿ ಅವುಗಳನ್ನು ಬೇರೆಬೇರೆ ಎಂದು ಎಣಿಸುವುದಿಲ್ಲ, ಒಂದೇ ದೈತ್ಯ ವಾದ್ಯ ಎಂದು ನಂಬುತ್ತದೆ. ಎರಡನೆಯದು, ಎಲ್ಲ ಪದರಗಳೂ ಸೇರುವ ಬಸ್‌ನಲ್ಲಿ ಹಗುರವಾದ ಟೇಪ್ ಸ್ಯಾಚುರೇಷನ್ ಮತ್ತು 2:1 ಕಂಪ್ರೆಸರ್, 2 ಡಿಬಿಯಷ್ಟು. ಒಟ್ಟಿಗೆ ಕ್ಲಿಪ್ ಆದ ಸದ್ದುಗಳು ಒಂದರೊಳಗೊಂದು ಬೆರೆಯುತ್ತವೆ.

ಬೆರಕೆಯ ಕ್ರಮ: ಮೊದಲು ಡ್ರಮ್ ಮತ್ತು ಎಡ-ಬಲ ಗಿಟಾರ್ ಮಾತ್ರ. ನಂತರ ಶುದ್ಧ ಸೈನ್ ಅನ್ನು ಎದೆಗೆ ತಾಗುವ ತನಕ ಏರಿಸಿ ಅಲ್ಲಿಂದ 2 ಡಿಬಿ ಇಳಿಸಿ. ಅದಾದ ಮೇಲೆ ಕೆಡಿಸಿದ ಬಸ್, ಕಡೆಗೆ ಗರಗಸದ ಪದರ. ಕಿಕ್ ಡ್ರಮ್ ಬಿದ್ದಾಗ ಶುದ್ಧ ಸೈನ್ 4-5 ಡಿಬಿ ತಗ್ಗುವಂತೆ ಸೈಡ್‌ಚೈನ್ ಕಂಪ್ರೆಸರ್ ಹಾಕಿ, ರಿಲೀಸ್ 80 ಮಿಲಿಸೆಕೆಂಡ್ ಆಸುಪಾಸು.

ಮೂಲ ಧ್ವನಿಮುದ್ರಿಕೆಯನ್ನು ಹೋಲಿಕೆಗೆ ತಂದಿಟ್ಟರೆ ಅದರ ಫೇಡರನ್ನು 8ರಿಂದ 10 ಡಿಬಿ ಇಳಿಸಿ. ಮಾಸ್ಟರಿಂಗ್ ಆದ ಟ್ರ್ಯಾಕ್ ಜೋರಾಗಿರುತ್ತದೆ, ಜೋರಾದದ್ದು ಯಾವಾಗಲೂ ಚೆಂದ ಅನಿಸುತ್ತದೆ. ಆ ಮೋಸಕ್ಕೆ ಬಿದ್ದು ನಿಮ್ಮ ಸರಿಯಾದ ಟೋನನ್ನೇ ಕೆಡಿಸಿಕೊಳ್ಳಬೇಡಿ. ಹೋಲಿಸುವಾಗ ಒಂದೊಂದೇ ಪಟ್ಟಿ ಕೇಳಿ: 100 ಹರ್ಟ್ಸ್ ಕೆಳಗೆ, 100ರಿಂದ 400, 400ರಿಂದ 2,000, ಅದರ ಮೇಲೆ. ಎರಡನೆಯ ಪಟ್ಟಿಯಲ್ಲಿ ನಿಮ್ಮದು ಹೆಚ್ಚು ದಪ್ಪವಿದ್ದರೆ ಆಂಪ್‌ನ ಲೋ ನಾಬ್ ಮುಟ್ಟಬೇಡಿ, ಬೂಸ್ಟ್‌ಗೆ ಮುಂಚಿನ ಹೈ-ಪಾಸ್ ಅನ್ನು ಇನ್ನಷ್ಟು ಏರಿಸಿ.

ಕೊನೆಗೆ ಫೋನ್‌ನ ಪುಟ್ಟ ಸ್ಪೀಕರ್‌ನಲ್ಲಿ ಕೇಳಿ. ಅದರಿಂದ 55 ಹರ್ಟ್ಸ್ ಹೊರಡುವುದೇ ಇಲ್ಲ. ಹಾಗಿದ್ದೂ 165, 220, 275 ಗಟ್ಟಿಯಾಗಿದ್ದರೆ ಮಿದುಳು ಇಲ್ಲದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ, ರಿಫ್ ತಗ್ಗಿನಲ್ಲೇ ಕೇಳುತ್ತದೆ. ಫೋನ್‌ನಲ್ಲಿ ರಿಫ್ ಮಾಯವಾದರೆ ಶುದ್ಧ ಸೈನ್ ಏರಿಸಿ ಪ್ರಯೋಜನವಿಲ್ಲ. ಕೆಡಿಸಿದ ಬಸ್‌ನ ಮೊದಲ ಟ್ರ್ಯಾಕಿಗೆ, ಆ ಓವರ್‌ಡ್ರೈವ್-ಫಝ್ ಜೋಡಿಗೆ, 2 ಡಿಬಿ ಸೇರಿಸಿ ಮತ್ತೆ ಕೇಳಿ.